ಡೀಲರ್ ಕಡೆ ಹಳೆಯ ಪೊಲೀಸ್ ಗಾಡಿ ಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಹಳೆಯ ಬೊಲೆರೊ, ಸುಮೊ, ಜಿಪ್ಸಿ ಹುಡುಕುವವರಿಗೆ ಒಂದಲ್ಲ ಒಂದು ದಿನ ಡೀಲರ್ ಬಾಯಿಂದ ಈ ಮಾತು ಕೇಳಿಬರುತ್ತದೆ: ‘ಒಂದು ಪೊಲೀಸ್ ಗಾಡಿ ಬಂದೈತಿ, ನೋಡ್ತೀರೇನು?’ ಆಮೇಲೆ ಜನ ನನಗೆ ಫೋನ್ ಮಾಡುತ್ತಾರೆ, ಪತ್ರ ಬರೆಯುತ್ತಾರೆ, ಎದುರು ಸಿಕ್ಕಾಗ ಕೇಳುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರದ ದೋಷಕ್ಕೆ ಗ್ಯಾರೇಜು ಇದೆ, ಕಾಗದದ ದೋಷಕ್ಕೆ ಗ್ಯಾರೇಜು ಇಲ್ಲ. ಆದ್ದರಿಂದ ಬಾನೆಟ್ ಎತ್ತುವ ಮೊದಲು ಆರ್‌ಸಿ (ನೋಂದಣಿ ಪತ್ರ) ಬಿಚ್ಚಿ ನೋಡಿ.

## ಮೊದಲು ತಿಳಿಯಬೇಕಾದದ್ದು

‘ಪೊಲೀಸ್ ಗಾಡಿ ಅಂತ ಮಾರಾಕತ್ತಾರಲ್ರೀ, ಅದು ಖರೇನ ಪೊಲೀಸರದ್ದ ಏನು?’

ಬಹಳ ಸಲ ಅಲ್ಲ. ಈ ಒಂದು ಹೆಸರಿನಲ್ಲಿ ಮೂರು ಬಗೆಯ ಗಾಡಿ ಮಾರಾಟವಾಗುತ್ತವೆ. ಮೊದಲನೆಯದು ಇಲಾಖೆಯೇ ಕೊಂಡು, ಠಾಣೆಗೋ ಡಿಎಆರ್‌ಗೋ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಕೆಎಸ್‌ಆರ್‌ಪಿಗೋ (ರಾಜ್ಯ ಮೀಸಲು ಪೊಲೀಸ್ ಪಡೆ) ಕೊಟ್ಟು, ಓಡಿಸಿ, ಕಂಡಮ್ ಮಾಡಿ (ಇನ್ನು ಬಳಕೆಗೆ ಬೇಡವೆಂದು ಬರೆದು) ಲಿಲಾವಿಗೆ, ಅಂದರೆ ಹರಾಜಿಗೆ, ಹಾಕಿದ್ದು. ಎರಡನೆಯದು ಪೊಲೀಸರೋ ಅಬಕಾರಿಯವರೋ ಯಾರಿಂದಲೋ ಜಪ್ತಿ ಮಾಡಿ, ಆಮೇಲೆ ಲಿಲಾವಾದದ್ದು. ಗೋವಾ ಮತ್ತು ಮಹಾರಾಷ್ಟ್ರದ ಗಡಿ ಹತ್ತಿರ ಇರುವುದರಿಂದ ನಮ್ಮ ಕಡೆ ಅಂಥವು ಕಡಿಮೆಯೇನಲ್ಲ. ಮೂರನೆಯದು ಯಾರದ್ದೋ ಖಾಸಗಿ ಗಾಡಿ. ಬಿಳಿ ಬಣ್ಣ ಇದೆ, ಒಳಗೆ ಖಾಕಿ ಸೀಟ್ ಕವರ್ ಇದೆ, ಅಷ್ಟಕ್ಕೇ ಅದಕ್ಕೆ ಪೊಲೀಸ್ ಗಾಡಿ ಎಂಬ ಹೆಸರು.

ಗುರುತಿಸುವುದು ಕಷ್ಟವಲ್ಲ. ಕರ್ನಾಟಕದ ಸರಕಾರಿ ವಾಹನಗಳ ನೋಂದಣಿ ಸಂಖ್ಯೆಯಲ್ಲಿ ‘ಜಿ’ ಅಕ್ಷರ ಇರುತ್ತದೆ: ಕೆಎ-22-ಜಿ, ಕೆಎ-28-ಜಿ, ಕೆಎ-29-ಜಿ ಹೀಗೆ. ಮೊದಲ ಮಾಲೀಕರ ಕಾಲಂನಲ್ಲಿ ವ್ಯಕ್ತಿಯ ಹೆಸರಿನ ಬದಲು ಎಸ್‌ಪಿ, ಪೊಲೀಸ್ ಆಯುಕ್ತರು, ಕಮಾಂಡೆಂಟ್ ಎಂಬಂಥ ಹುದ್ದೆಯ ಹೆಸರು ಇರುತ್ತದೆ. ಇವೆರಡರಲ್ಲಿ ಒಂದೂ ಇಲ್ಲದಿದ್ದರೆ ಅದು ಇಲಾಖೆಯ ಗಾಡಿ ಎಂಬುದಕ್ಕೆ ಡೀಲರ್‌ನ ಮಾತು ಬಿಟ್ಟರೆ ಬೇರೆ ಆಧಾರ ಇಲ್ಲ.

‘ಪೊಲೀಸ್ ಗಾಡಿಗೆ ಕಂಪನಿಯವರ ಬ್ಯಾರೆ ಎಂಜಿನ್ ಹಾಕಿ ಕೊಟ್ಟಿರ್ತಾರಂತ, ಹೌದಾ?’

ನಮ್ಮಲ್ಲಿ ಹಾಗಿಲ್ಲ. ಈ ನಂಬಿಕೆ ಅಮೆರಿಕದ ವಿಡಿಯೊ ನೋಡಿ ಬಂದದ್ದು. ಅಲ್ಲಿ ಫೋರ್ಡ್ ಕಂಪನಿ 2011ರ ತನಕ ಕ್ರೌನ್ ವಿಕ್ಟೋರಿಯಾ ಕಾರಿನ ಪೊಲೀಸ್ ಆವೃತ್ತಿಯನ್ನು ಬೇರೆಯಾಗಿಯೇ ತಯಾರಿಸುತ್ತಿತ್ತು. 4.6 ಲೀಟರ್ ವಿ8 ಎಂಜಿನ್, ಗಟ್ಟಿ ಸಸ್ಪೆನ್ಷನ್, ಎಂಜಿನ್ ಆಯಿಲ್ ತಣಿಸಲು ಕೂಲರ್ ಎಲ್ಲ ಇರುತ್ತಿತ್ತು. ಸೇವೆ ಮುಗಿದ ಮೇಲೆ ಅವನ್ನು ಕೊಂಡವರಿಗೆ ಸಾಮಾನ್ಯ ಕಾರಿನಲ್ಲಿ ಸಿಗದ ಬಲವಾದ ಭಾಗಗಳು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಅದಕ್ಕೇ ಅಲ್ಲಿ ಅಷ್ಟು ಬೇಡಿಕೆ.

ನಮ್ಮ ಠಾಣೆಯ ಬೊಲೆರೊ ಮತ್ತು ಮುಧೋಳದ ಕಬ್ಬಿನ ರೈತನ ಮನೆಯ ಬೊಲೆರೊ ಒಂದೇ. ಠಾಣೆಯದರ ಮೇಲೆ ಲೈಟ್ ಪಟ್ಟಿ, ಒಳಗೆ ವೈರ್‌ಲೆಸ್, ಮೈಕು ಕೂಡಿಸಿರುತ್ತಾರೆ, ಅಷ್ಟೇ. ಲಿಲಾವಿನ ಮುಂಚೆ ಅವನ್ನೂ ಬಿಚ್ಚಿಕೊಳ್ಳುತ್ತಾರೆ. ಹಾಗಾಗಿ ‘ಪೊಲೀಸ್ ಎಂಜಿನ್’ ಎಂದು ಹೆಚ್ಚು ಬೆಲೆ ಕೇಳಿದರೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

‘ಹಂಗಾದ್ರ ನಮಗ ಲಾಭ ಏನೈತ್ರಿ ಇದರಾಗ?’

ಲಾಭ ಇದೆ. ಬೊಲೆರೊ, ಸುಮೊ, ಜಿಪ್ಸಿ ಎಲ್ಲವೂ ಚಾಸಿಯ ಮೇಲೆ ಬಾಡಿ ಕೂಡಿಸಿದ ಗಾಡಿಗಳು. ಹಿಂದೆ ಪಾಟಾ (ಎಲೆ ಸ್ಪ್ರಿಂಗ್), ಕೈಗೆ ಸಿಗುವ ಎಂಜಿನ್. ಬೆಳಗಾವಿಯ ಆಟೊ ನಗರದಿಂದ ಹಿಡಿದು ತಾಳಿಕೋಟಿ, ಇಂಡಿ ಪಟ್ಟಣಗಳ ರಸ್ತೆ ಬದಿಯ ಗ್ಯಾರೇಜಿನ ತನಕ ಇವನ್ನು ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ ಸಿಗುತ್ತಾರೆ, ಬಿಡಿಭಾಗವೂ ಸಿಗುತ್ತದೆ. ಎರಡನೆಯದು, ಮಾಲೀಕರು ಒಬ್ಬರೇ. ನಾಲ್ಕು ಕೈ ದಾಟಿ ಬಂದ ಖಾಸಗಿ ಗಾಡಿಯ ಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ. ಇಲಾಖೆಯ ಗಾಡಿಗೆ ಲಾಗ್ ಬುಕ್, ಎಂ.ಟಿ. (ಮೋಟಾರು ಸಾರಿಗೆ) ವಿಭಾಗದ ದುರಸ್ತಿ ದಾಖಲೆ ಇದ್ದೇ ಇರುತ್ತವೆ. ಆ ಪುಸ್ತಕ ನಿಮ್ಮ ಕೈಗೆ ಬರಲಿಕ್ಕಿಲ್ಲ, ಆದರೆ ಆಯಿಲ್ ಬದಲಿಸುವ ಪದ್ಧತಿಯೇ ಇಲ್ಲದ ಕಡೆ ಆ ಗಾಡಿ ಬೆಳೆದಿಲ್ಲ ಎಂಬುದು ದೊಡ್ಡ ಮಾತು. ಮೂರನೆಯದು ಬೆಲೆ. ದುಡಿದ ಗಾಡಿ ಎಂಬ ಕಾರಣಕ್ಕೇ ಅದು ಅದೇ ವರ್ಷದ ಖಾಸಗಿ ಗಾಡಿಗಿಂತ ಕಡಿಮೆಗೆ ಸಿಗಬೇಕು. ಸಿಗದಿದ್ದರೆ ಈ ವ್ಯವಹಾರಕ್ಕೆ ಅರ್ಥವೇ ಇಲ್ಲ.

ಹೊಲ, ತೋಟ, ಗುಡ್ಡದ ದಾರಿಗೆ ಎರಡನೇ ಗಾಡಿಯಾಗಿ ಬೇಕೆನ್ನುವವರಿಗೆ ಇದು ಹೊಂದುತ್ತದೆ. ಮನೆಯ ಒಂದೇ ಗಾಡಿ ಇದಾಗಬೇಕು, ದಿನಾ ಹುಬ್ಬಳ್ಳಿಗೆ ಹೋಗಿ ಬರಬೇಕು ಎನ್ನುವವರಿಗೆ ನಾನು ಹೇಳುವುದು ‘ಬೇಡ’ ಎಂದೇ.

‘ಡೀಲರ್ ಕಡೆ ತಗೊಳ್ಳೋದು ಛಲೋನೋ, ನಾವ ಲಿಲಾವಿಗೆ ಹೋಗೋದು ಛಲೋನೋ?’

ಲಿಲಾವಿನಲ್ಲಿ ಬೆಲೆ ಕಡಿಮೆ, ಹೊಣೆ ಪೂರ್ತಿ ನಿಮ್ಮದು. ಸರಕಾರಿ ವಿಲೇವಾರಿಗಳು ಈಗ ಹೆಚ್ಚಾಗಿ ಕೇಂದ್ರ ಸರಕಾರಿ ಸಂಸ್ಥೆ ಎಂಎಸ್‌ಟಿಸಿಯ ಇ-ಹರಾಜಿನಂಥ ವೇದಿಕೆಗಳಲ್ಲಿ ನಡೆಯುತ್ತವೆ. ಮುಂಗಡ ಠೇವಣಿ ಕಟ್ಟಬೇಕು. ಅನೇಕ ಸಲ ಹತ್ತಾರು ಗಾಡಿ ಸೇರಿಸಿ ಒಂದೇ ಲಾಟ್ ಮಾಡಿರುತ್ತಾರೆ. ಷರತ್ತು ಒಂದೇ: ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ. ಒಯ್ದ ಮೇಲೆ ಎಂಜಿನ್ ಜಾಮ್ ಆಗಿತ್ತು ಎಂದರೆ ಕೇಳುವವರಿಲ್ಲ.

ಒಂದೇ ಗಾಡಿ ಬೇಕಾದವರು ಡೀಲರ್ ಹತ್ತಿರ ಬರುವುದು ಇದಕ್ಕೇ. ಅವರು ಲಾಟ್ ಎತ್ತಿ, ಆರಿಸಿ, ರಿಪೇರಿ ಮಾಡಿಸಿ ಮಾರುತ್ತಾರೆ. ಅವರ ಲಾಭಕ್ಕೆ ಪ್ರತಿಯಾಗಿ ನಿಮಗೆ ಮೂರು ವಸ್ತು ಸಿಗಬೇಕು: ಓಡಿಸಿ ನೋಡುವ ಅವಕಾಶ, ಸಂಪೂರ್ಣ ಕಾಗದ, ಸಹಿ ಮಾಡಿದ ಬಿಲ್ಲು. ಇವು ಮೂರೂ ಕೊಡದ ಡೀಲರ್‌ಗೆ ಲಾಭ ಕೊಡುವ ಕಾರಣ ನನಗೆ ಕಾಣುವುದಿಲ್ಲ.

## ಕಾಗದದ ವಿಷಯ

‘ಹದಿನೈದು ವರ್ಷ ದಾಟಿದ ಪೊಲೀಸ್ ಜೀಪು ಐತಿ. ಡೀಲರ್ ರಿನ್ಯೂವಲ್ ಮಾಡಿಸಿ ಕೊಡ್ತೀನಿ ಅಂತಾನ. ತಗೊಳ್ಳೇನು?’

ಬೇಡ. ಈ ಪುಟದಲ್ಲಿ ಇದೊಂದು ಉತ್ತರ ನೆನಪಿದ್ದರೂ ಸಾಕು.

ಕೇಂದ್ರ ಸಾರಿಗೆ ಸಚಿವಾಲಯ 2023ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯಂತೆ, 2023ರ ಏಪ್ರಿಲ್ 1ರಿಂದ ಸರಕಾರಿ ಒಡೆತನದ ವಾಹನಗಳ ನೋಂದಣಿ, ಮೊದಲ ನೋಂದಣಿಯ ದಿನದಿಂದ 15 ವರ್ಷಕ್ಕೆ ಮುಗಿದುಹೋಗುತ್ತದೆ. ಮೊದಲೇ ನವೀಕರಿಸಿದ್ದರೂ ರದ್ದಾದಂತೆಯೇ. ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ಕೆಲಸಕ್ಕೆ ಬಳಸುವ ಶಸ್ತ್ರಸಜ್ಜಿತ, ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಠಾಣೆಯ ಬೊಲೆರೊ ಆ ಸಾಲಿಗೆ ಬರುವುದಿಲ್ಲ. ಅವಧಿ ಮುಗಿದ ಗಾಡಿ ಹೋಗಬೇಕಾದದ್ದು ನೋಂದಾಯಿತ ಗುಜರಿ ಕೇಂದ್ರಕ್ಕೆ, ಡೀಲರ್‌ನ ಅಂಗಳಕ್ಕಲ್ಲ.

ಖಾಸಗಿ ಗಾಡಿಯನ್ನು 15 ವರ್ಷದ ನಂತರ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬಹುದು. ಡೀಲರ್ ಮಾತಿನಲ್ಲಿ ಬರುವುದು ಆ ನಿಯಮ, ಆದರೆ ಅದು ಸರಕಾರದ ಹೆಸರಲ್ಲೇ 15 ತುಂಬಿದ ಗಾಡಿಗೆ ಅನ್ವಯಿಸುವುದಿಲ್ಲ. 15 ತುಂಬುವ ಮೊದಲೇ ಲಿಲಾವಾಗಿ, ಖಾಸಗಿಯವರ ಹೆಸರಿಗೆ ಆರ್‌ಸಿ ಆಗಿದ್ದರೆ ಮಾತು ಬೇರೆ. ಆಗ ಅದು ಖಾಸಗಿ ಗಾಡಿಯೇ. ಆದ್ದರಿಂದ ಆರ್‌ಸಿಯ ಮೊದಲ ನೋಂದಣಿ ದಿನಾಂಕಕ್ಕೆ 15 ಕೂಡಿಸಿ. ಆ ದಿನಾಂಕಕ್ಕಿಂತ ಮುಂಚೆ ಖಾಸಗಿ ಹೆಸರು ಬಂದಿದೆಯೇ ನೋಡಿ. ಇಷ್ಟು ಲೆಕ್ಕಕ್ಕೆ ಎರಡು ನಿಮಿಷ ಸಾಕು.

ಇದರಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಈಗ ರಸ್ತೆಗೆ ಇಳಿಸಬಹುದಾದ ಪೊಲೀಸ್ ಗಾಡಿ ಎಂದರೆ 15ಕ್ಕೆ ಮುಂಚೆಯೇ ಇಲಾಖೆ ಕೈಬಿಟ್ಟದ್ದು. ಇನ್ನೂ ವರ್ಷ ಉಳಿದಿದ್ದರೂ ಬಿಟ್ಟರು ಎಂದರೆ ತುಂಬ ಓಡಿರಬೇಕು, ಅಥವಾ ಅಪಘಾತವಾಗಿರಬೇಕು, ಅಥವಾ ರಿಪೇರಿ ಖರ್ಚು ಹೊಂದುವುದಿಲ್ಲ ಎಂದು ಪರಿಶೀಲಿಸಿದವರು ಬರೆದಿರಬೇಕು. ‘ಯಾಕೆ ಬಿಟ್ಟರು?’ ಎಂಬ ಪ್ರಶ್ನೆಗೆ ಡೀಲರ್ ಹತ್ತಿರ ಉತ್ತರ ಇರಲೇಬೇಕು.

‘ಯಾವ್ಯಾವ ಪೇಪರ್ ಕೇಳಬೇಕು? ಡೀಲರ್ ಒಂದು ಡೆಲಿವರಿ ಲೆಟರ್ ಅಷ್ಟ ತೋರಸ್ತಾನ.’

ಡೆಲಿವರಿ ಲೆಟರ್ ಒಂದರಿಂದ ಗಾಡಿ ನಿಮ್ಮದಾಗುವುದಿಲ್ಲ. ಸರಕಾರ ನಡೆಸಿದ ಬಹಿರಂಗ ಲಿಲಾವಿನಲ್ಲಿ ಕೊಂಡವರು, ಗಾಡಿ ಕೈಗೆ ಬಂದ 30 ದಿನದೊಳಗೆ ಫಾರಂ 32ರಲ್ಲಿ ಆರ್‌ಟಿಒಗೆ ಅರ್ಜಿ ಕೊಡಬೇಕು. ಅದರ ಜತೆ ಆರ್‌ಸಿ, ವಿಮೆ, ಲಿಲಾವು ನಡೆಸಿದ ಅಧಿಕಾರಿ ಸಹಿ ಮಾಡಿದ ಮಾರಾಟ ದೃಢೀಕರಣ, ಲಿಲಾವಿಗೆ ಅನುಮತಿ ಕೊಟ್ಟ ಸರಕಾರಿ ಆದೇಶದ ದೃಢೀಕೃತ ಪ್ರತಿ ಇರಬೇಕು.

ಆ ಮಾರಾಟ ದೃಢೀಕರಣ ಯಾರ ಹೆಸರಲ್ಲಿದೆ ನೋಡಿ. ಲಿಲಾವು ಗೆದ್ದವನು ಒಬ್ಬ, ಅವನಿಂದ ಒಯ್ದವನು ಇನ್ನೊಬ್ಬ, ನಿಮಗೆ ಮಾರುತ್ತಿರುವವನು ಮೂರನೆಯವನು ಆಗಿದ್ದರೆ ನಡುವಿನ ಕೊಂಡಿ ಕಡಿದಿದೆ. ಗೆದ್ದವನ ಹೆಸರಿಗೆ ಫಾರಂ 32ರಿಂದ ಆರ್‌ಸಿ ಆಗಬೇಕು, ಅಲ್ಲಿಂದ ಮುಂದೆ ಫಾರಂ 29 ಮತ್ತು 30ರಿಂದ ವರ್ಗಾವಣೆ ಸಾಗಬೇಕು. ನಾನು ಕಂಡಂತೆ ಜನ ಹೆಚ್ಚು ಸಿಕ್ಕಿಬೀಳುವ ಜಾಗ ಇದೇ. ಗಾಡಿ ಅಂಗಳದಲ್ಲಿ ನಿಂತಿರುತ್ತದೆ, ರೊಕ್ಕ ಹೋಗಿರುತ್ತದೆ, ಗೆದ್ದವನು ಫೋನ್ ಎತ್ತುವುದಿಲ್ಲ.

ಇನ್ನೂ ಕೆಟ್ಟದ್ದು ಗುಜರಿ ಲಾಟಿನ ಗಾಡಿ. ಅದರ ನೋಂದಣಿ ರದ್ದಾಗಿರುತ್ತದೆ. ಅದಕ್ಕೆ ಬೇರೆ ಗಾಡಿಯ ಆರ್‌ಸಿ ಕೂಡಿಸಿ ಮಾರುವವರಿದ್ದಾರೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ, ಎಂಜಿನ್ ನಂಬರನ್ನೂ ಆರ್‌ಸಿಗೆ ತಾಳೆ ನೋಡಿ. ಚಾಸಿ ನಂಬರಿನ ಸುತ್ತ ಗ್ರೈಂಡರ್ ಗುರುತು, ಹೊಸ ವೆಲ್ಡಿಂಗ್, ಅಲ್ಲಿಗಷ್ಟೇ ಹೊಡೆದ ಬಣ್ಣ ಕಂಡರೆ ಅಲ್ಲಿಂದ ಹೊರಟುಬಿಡಿ. ನಂತರ ಎಂ-ಪರಿವಾಹನ್ ಆ್ಯಪಿನಲ್ಲಿ ಸಂಖ್ಯೆ ಹಾಕಿ ನೋಂದಣಿ ಸ್ಥಿತಿ, ಫಿಟ್‌ನೆಸ್, ವಿಮೆ ನೋಡಿ. ಸರಕಾರಿ ಗಾಡಿಗೆ ಖಾಸಗಿ ಗಾಡಿಯಂತೆ ಜೀವಾವಧಿ ತೆರಿಗೆ ಕಟ್ಟಿಯೇ ಇರುತ್ತಾರೆ ಎಂದುಕೊಳ್ಳಬೇಡಿ. ಕಟ್ಟಬೇಕಾದದ್ದು ಎಷ್ಟು, ‘ಜಿ’ ಸಂಖ್ಯೆಯ ಬಗ್ಗೆ ಏನು ಮಾಡಬೇಕು ಎಂಬುದನ್ನು ನಿಮ್ಮ ಆರ್‌ಟಿಒ ಕೌಂಟರಿನಲ್ಲಿ ಮುಂಗಡ ಕೊಡುವ ಮುನ್ನವೇ ಕೇಳಿ. ನಮ್ಮ ಕಡೆಯ ಆರ್‌ಟಿಒ ಸಂಖ್ಯೆಗಳು ಇವು: ಬೆಳಗಾವಿ 22, ಚಿಕ್ಕೋಡಿ 23, ಬೈಲಹೊಂಗಲ 24, ವಿಜಯಪುರ 28, ಬಾಗಲಕೋಟೆ 29, ಜಮಖಂಡಿ 48, ಗೋಕಾಕ 49. ಹತ್ತಿರದ ಕಚೇರಿಗೆ ಒಂದು ಬೆಳಗ್ಗೆ ಹೋಗಿ ಬಂದರೆ ಮುಂದಿನ ಅಲೆದಾಟ ಉಳಿಯುತ್ತದೆ.

‘ಹಳೇ ಗಾಡಿ ಮಾರೋರಿಗೂ ಲೈಸೆನ್ಸ್ ಬೇಕೇನ್ರಿ?’

ಬೇಕು. 2023ರ ಏಪ್ರಿಲ್ 1ರಿಂದ ನೋಂದಾಯಿತ ವಾಹನಗಳನ್ನು ಕೊಂಡು ಮಾರುವ ಡೀಲರ್ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು. ಅರ್ಜಿ ಫಾರಂ 29ಎ, ಪತ್ರ ಫಾರಂ 29ಬಿ, ಅವಧಿ ಐದು ವರ್ಷ. ಮಾಲೀಕ ಗಾಡಿಯನ್ನು ಡೀಲರ್‌ಗೆ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ತಿಳಿಸಿದ ಮೇಲೆ, ಆ ಗಾಡಿಯ ಮಟ್ಟಿಗೆ ಡೀಲರ್‌ನೇ ಮಾಲೀಕನಂತೆ ಹೊಣೆಗಾರ. ಅಂಗಡಿಗೆ ಹೋದಾಗ ‘29ಬಿ ತೋರಿಸ್ರಿ’ ಎಂದು ಕೇಳಿ. ನಮ್ಮ ಕಡೆ ಈ ಮಾತು ಕೇಳುವ ಗಿರಾಕಿಗಳು ಇನ್ನೂ ಕಡಿಮೆ. ಕೇಳಿದವರ ಜತೆ ಡೀಲರ್ ಮಾತಾಡುವ ಧಾಟಿಯೇ ಬದಲಾಗುತ್ತದೆ.

‘ಹೆಸರು ಬದಲಾಗೋತನಕ ನಾಲ್ಕು ತಿಂಗಳು ಹಂಗ ಓಡಿಸಿದ್ರ ಏನಾಗ್ತದ?’

ಗಾಡಿ ನಿಂತಲ್ಲೇ ನಿಲ್ಲಲಿ. ಮೊದಲನೆಯ ಕಾರಣ ವಿಮೆ. ಕರ್ನಾಟಕದ ಸರಕಾರಿ ವಾಹನಗಳ ವಿಮೆಯನ್ನು ಸರಕಾರದ್ದೇ ಆದ ಕೆಜಿಐಡಿಯ (ಕರ್ನಾಟಕ ಸರಕಾರಿ ವಿಮಾ ಇಲಾಖೆ) ಮೋಟಾರು ಶಾಖೆ ನೋಡಿಕೊಳ್ಳುತ್ತದೆ. ಅದನ್ನು ನಂಬಿ ನೀವು ಖಾಸಗಿಯಾಗಿ ರಸ್ತೆಗೆ ಇಳಿಯಬಾರದು. ನಿಮ್ಮ ಹೆಸರಲ್ಲಿ ಕನಿಷ್ಠ ಥರ್ಡ್ ಪಾರ್ಟಿ ವಿಮೆ ಆಗದೆ ಗೇಟು ದಾಟಿಸಬೇಡಿ. ಒಂದು ಅಪಘಾತವಾದರೆ ಪರಿಹಾರದ ಮೊತ್ತ ಹೊಲ ಮಾರುವ ಮಟ್ಟಕ್ಕೆ ಹೋಗುತ್ತದೆ.

ಎರಡನೆಯದು, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಮೂರು ಕೈ ದಾಟಿದ್ದರೂ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ. ಇದನ್ನು ಮುಂದೆ ನೀವು ಮಾರುವ ದಿನಕ್ಕೂ ನೆನಪಿಡಿ. ಕೊಂಡವನು ಹೆಸರು ಬದಲಿಸಿಕೊಂಡನೇ ಎಂದು ನೋಡುವ ತನಕ ನಿಮ್ಮ ಕೆಲಸ ಮುಗಿದಿಲ್ಲ.

‘ಕೊಲ್ಲಾಪುರ, ಸಾಂಗ್ಲಿ, ಸೊಲ್ಲಾಪುರದಾಗ ಸೋವಿ ಸಿಗ್ತಾವಂತ. ತರಬಹುದಾ?’

ತರಬಹುದು. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ಹೊಸ ಸಂಖ್ಯೆ ಪಡೆಯಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ಆ ತೆರಿಗೆ ಕೂಡಿಸಿದ ಮೇಲೂ ಸೋವಿ ಉಳಿಯುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ. 15 ವರ್ಷದ ನಿಯಮ ಕೇಂದ್ರದ್ದು, ಗಡಿ ದಾಟಿದರೆ ಅದು ಬದಲಾಗುವುದಿಲ್ಲ.

## ಯಂತ್ರದ ವಿಷಯ

‘ಮೀಟರ್ ಬರೇ 90 ಸಾವಿರ ತೋರಸ್ತದ. ಎಂಜಿನ್ ಛಲೋ ಇರಬೇಕಲ್ರೀ?’

ಪೊಲೀಸ್ ಗಾಡಿಯ ಮಟ್ಟಿಗೆ ಮೀಟರ್ ಹೇಳುವುದು ಅರ್ಧ ಕಥೆ. ಅದು ಚಕ್ರ ತಿರುಗಿದ್ದನ್ನು ಎಣಿಸುತ್ತದೆ, ಎಂಜಿನ್ ತಿರುಗಿದ್ದನ್ನಲ್ಲ.

ಈ ಗಾಡಿಗಳು ಹೇಗೆ ದುಡಿಯುತ್ತವೆ ನೆನಪಿಸಿಕೊಳ್ಳಿ. ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ರಾತ್ರಿಯಿಡೀ ಬಂದೋಬಸ್ತ್. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಾಗ ದಿನಗಟ್ಟಲೆ ರಸ್ತೆ ಬದಿಯ ಕಾವಲು. ಬೆಳಗಾವಿಯ ಗಣಪತಿ ವಿಸರ್ಜನೆಯಲ್ಲಿ, ರಾಜ್ಯೋತ್ಸವದ ಮೆರವಣಿಗೆಯಲ್ಲಿ ಜನರ ಹಿಂದೆ ಮೊದಲನೇ ಗೇರಿನಲ್ಲಿ ತೆವಳುವುದು. ಲೈಟು, ವೈರ್‌ಲೆಸ್, ಎಸಿಗಾಗಿ ಎಂಜಿನ್ ಚಾಲೂ ಇರುತ್ತದೆ, ಮೀಟರ್ ಮಾತ್ರ ಅಲ್ಲಾಡುವುದಿಲ್ಲ.

ಅಮೆರಿಕದಲ್ಲಿ ಫೋರ್ಡ್ ಕಂಪನಿ ತನ್ನ ಪೊಲೀಸ್ ಕಾರುಗಳಿಗೆ ಒಂದು ಅಂದಾಜು ಕೊಟ್ಟಿತ್ತು: ಒಂದು ತಾಸು ನಿಂತಲ್ಲೇ ಎಂಜಿನ್ ಓಡಿದರೆ ಸುಮಾರು 33 ಮೈಲಿ, ಅಂದರೆ 53 ಕಿ.ಮೀ. ಓಡಿದಷ್ಟು ಸವೆತ. ನಮ್ಮ ಡೀಸೆಲ್ ಗಾಡಿಗೆ ಅದೇ ಅಂಕಿ ಹೊಂದಬೇಕೆಂದಿಲ್ಲ, ಆದರೆ ಲೆಕ್ಕದ ದಾರಿ ತಿಳಿಯುತ್ತದೆ. ದಿನಕ್ಕೆ ನಾಲ್ಕು ತಾಸು, ವರ್ಷಕ್ಕೆ 300 ದಿನ ನಿಂತು ಓಡಿದರೆ 1,200 ತಾಸು. ಆ ಅಂದಾಜಿನಲ್ಲಿ ಅದು ವರ್ಷಕ್ಕೆ 63,600 ಕಿ.ಮೀ.ಗೆ ಸಮ, ಅದೂ ಮೀಟರಿನಲ್ಲಿ ಕಾಣದ್ದು.

ನಿಂತು ಓಡುವ ಡೀಸೆಲ್ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಇಂಧನ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ, ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ಮುಚ್ಚಿಕೊಳ್ಳುತ್ತದೆ, ಉರಿಯದ ಡೀಸೆಲ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ತೆಳು ಆಯಿಲ್‌ನಲ್ಲಿ ಮೊದಲು ಸವೆಯುವುದು ರಿಂಗ್, ಬೇರಿಂಗ್, ಟರ್ಬೊ. ಆದ್ದರಿಂದ 90 ಸಾವಿರ ಎಂದರೆ ಖುಷಿಪಡುವ ಮೊದಲು ಕ್ಲಚ್ ಪೆಡಲಿನ ರಬ್ಬರ್, ಸ್ಟೇರಿಂಗಿನ ಮೇಲ್ಮೈ, ಚಾಲಕನ ಸೀಟಿನ ಸ್ಪಂಜು ಎಷ್ಟು ಸವೆದಿವೆ ನೋಡಿ. ಅವು ತಾಸುಗಳನ್ನು ಎಣಿಸುತ್ತವೆ.

‘ನಮ್ಮ ಮಿಸ್ತ್ರಿನ್ನ ಕರಕೊಂಡು ಹೋಗ್ತೀನಿ. ಏನೇನು ನೋಡಂತ ಹೇಳ್ಲಿ?’

ಮುಂಜಾನೆ, ಎಂಜಿನ್ ತಣ್ಣಗಿದ್ದಾಗ ಹೋಗಿ. ಹೋಗುವಷ್ಟರಲ್ಲಿ ಡೀಲರ್ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುತ್ತೇನೆಂದು ಹೇಳಿ. ತಣ್ಣಗಿನ ಎಂಜಿನ್ ಒಂದೇ ಸಲಕ್ಕೆ ಹಿಡಿಯುತ್ತದೆಯೇ, ಹೊಗೆ ಯಾವ ಬಣ್ಣ ಎಂಬುದೇ ಮೊದಲ ಪರೀಕ್ಷೆ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ. ಚಾಲೂ ಇದ್ದಾಗ ಆಯಿಲ್ ಕ್ಯಾಪ್ ಬಿಚ್ಚಿಸಿ. ಭುಸುಭುಸು ಎಂದು ಹೊಗೆ ಒದ್ದು ಬಂದರೆ ಮಿಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ, ಅಂದರೆ ಎಂಜಿನ್ ಕೆಲಸ ಬಂದಿದೆ.

ಆಮೇಲೆ ಪೊಲೀಸ್ ಗಾಡಿಯಲ್ಲೇ ವಿಶೇಷವಾಗಿ ನೋಡಬೇಕಾದ ಜಾಗಗಳು. ಛಾವಣಿಯಲ್ಲಿ ಲೈಟ್ ಪಟ್ಟಿ, ಆ್ಯಂಟೆನಾ ಕೂಡಿಸಿದ ತೂತುಗಳನ್ನು ಬರೀ ಪುಟ್ಟಿ ಹಾಕಿ ಮುಚ್ಚಿರುತ್ತಾರೆ. ಒಳಗಿನ ಛಾವಣಿ ಬಟ್ಟೆ ಒತ್ತಿ ನೋಡಿದರೆ ನೀರಿಳಿದ ಕಲೆ, ತುಕ್ಕು ಗೊತ್ತಾಗುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿಸಿ: ವೈರ್‌ಲೆಸ್, ಸೈರನ್ ಬಿಚ್ಚುವಾಗ ಕತ್ತರಿಸಿ ಟೇಪು ಸುತ್ತಿದ ವೈರುಗಳು ಅಲ್ಲಿ ಇರುತ್ತವೆ. ಮುಂದೆ ಕಾರಣ ತಿಳಿಯದೆ ಬ್ಯಾಟರಿ ಇಳಿಯುವುದು, ಫ್ಯೂಸ್ ಹಾರುವುದು, ಕೆಟ್ಟ ಗಳಿಗೆಯಲ್ಲಿ ಬೆಂಕಿ ಹತ್ತುವುದು ಅಲ್ಲಿಂದಲೇ. ಇಡೀ ವೈರಿಂಗ್ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ಬಾಗಿಲ ಕೀಲು ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಸಿಬ್ಬಂದಿ ಧಡಾರನೆ ಇಳಿದು ಹತ್ತಿ ಮಾಡುವ ಗಾಡಿ ಇದು. ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆತ್ತಿ, ಅಲ್ಲಾಡಿದರೆ ಕೀಲು ಹೋಗಿದೆ. ಕೆಳಗೆ ಹೋಗಿ ಪಾಟಾದ ಎಲೆಗಳಲ್ಲಿ ಬಿರುಕು, ಪಾಟಾ ಕೂಡುವಲ್ಲಿ ಚಾಸಿಗೆ ವೆಲ್ಡಿಂಗ್, ಟೈ ರಾಡ್, ಬಾಲ್ ಜಾಯಿಂಟಿನ ಸಡಿಲ ನೋಡಿಸಿ. ಕ್ಲಚ್ ಪರೀಕ್ಷೆಗೆ ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಒತ್ತಿ. ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಪ್ಲೇಟ್ ಮುಗಿದಿದೆ.

‘ಬಿಎಸ್-6 ಗಾಡಿ ಬಂದ್ರ ಅದು ಹೊಸಾದು, ಚಿಂತಿಲ್ಲ ಅಲ್ಲ?’

ಬಿಎಸ್-6 ಎಂಬ ಹೊಗೆ ಮಿತಿಯ ನಿಯಮ ಜಾರಿಯಾದದ್ದು 2020ರ ಏಪ್ರಿಲ್‌ನಲ್ಲಿ. ಅದರ ನಂತರದ ಗಾಡಿ ಇಷ್ಟು ಬೇಗ ಲಿಲಾವಿಗೆ ಬಂದಿದ್ದರೆ ಮೊದಲು ಅಪಘಾತದ ಗುರುತು ಹುಡುಕಿ. ಎರಡನೆಯದಾಗಿ ಡಿಪಿಎಫ್. ಡೀಸೆಲ್ ಹೊಗೆಯ ಮಸಿ ಹಿಡಿಯುವ ಈ ಸೋಸಕಕ್ಕೆ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳಲು ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದ ಓಟ ಬೇಕು. ನಿಂತೇ ಓಡುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಸ್ಕ್ಯಾನರ್ ಹಚ್ಚಿಸಿ ಮಸಿಯ ಮಟ್ಟ, ದಾಖಲಾದ ದೋಷ ಸಂಕೇತ ನೋಡದೆ ಮಾತು ಮುಗಿಸಬೇಡಿ. ಬದಲಿಸುವ ಖರ್ಚು ಸಣ್ಣದಲ್ಲ. ತೆಗೆದು ಖಾಲಿ ಮಾಡಿಕೊಡುತ್ತೇನೆ ಎನ್ನುವವರ ಮಾತೂ ಬೇಡ, ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುವವರು ನೀವು.

‘ನೆರಿ ನೀರಾಗ ನಿಂತ ಗಾಡಿ ಅಂತ ಹ್ಯಾಂಗ ಗೊತ್ತಾಗ್ತದ?’

2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಉಕ್ಕಿದಾಗ ಜನರನ್ನು ಹೊರತರಲು ನೀರಿಗೇ ಇಳಿದ ಗಾಡಿಗಳಿವೆ. ಅವು ಮಾಡಿದ ಕೆಲಸ ದೊಡ್ಡದು, ಆದರೆ ನೀವು ಕೊಳ್ಳುವಾಗ ಅದು ತಿಳಿದಿರಬೇಕು. ಕಾಲಡಿಯ ಮ್ಯಾಟ್ ಎತ್ತಿ, ಸೀಟಿನ ಹಳಿಯ ಒಳಗೆ ಬೆರಳು ಹಾಕಿ, ಸೀಟ್ ಬೆಲ್ಟ್ ಪೂರ್ತಿ ಎಳೆದು ತುದಿ ನೋಡಿ. ಒಣಗಿದ ಎರೆಮಣ್ಣಿನ ಪುಡಿ ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಇದ್ದರೆ ಒಳಗೆ ನೀರು ಹೋಗಿದೆ.

‘ಜಿಪ್ಸಿ ಸಿಕ್ಕರ ಬಿಡಬ್ಯಾಡ ಅಂತಾರ. ಹಸಿರು ಬಣ್ಣದ್ದು ಒಂದು ಐತಿ.’

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದರಿಂದಲೋ ಏನೋ, ಜಿಪ್ಸಿಯ ಮೇಲಿನ ಪ್ರೀತಿ ಇಲ್ಲಿ ಜಾಸ್ತಿ. ಹಗುರ ಮೈ, ನಾಲ್ಕು ಚಕ್ರಕ್ಕೂ ಬಲ, 1.3 ಲೀಟರಿನ ಸರಳ ಪೆಟ್ರೋಲ್ ಎಂಜಿನ್. ಪ್ರೀತಿಗೆ ಕಾರಣ ಇದೆ. 1985ರಲ್ಲಿ ಬಂದ ಗಾಡಿಯ ಉತ್ಪಾದನೆ ಈಗ ನಿಂತಿದೆ, ಹಾಗಾಗಿ ಬೆಲೆ ಇಳಿಯುವುದಿಲ್ಲ. ಆದರೆ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಗೆ ಮಾತ್ರ ಮೀಸಲು ಎಂದು ಕೇಂದ್ರ ಮೋಟಾರು ವಾಹನ ನಿಯಮ 121 ಹೇಳುತ್ತದೆ. ಬಣ್ಣ ಬದಲಿಸದೆ ಓಡಿಸಬಾರದು, ಬದಲಿಸಿದ್ದನ್ನು ಆರ್‌ಸಿಯಲ್ಲಿ ಸೇರಿಸಬೇಕು. 15 ವರ್ಷದ ಲೆಕ್ಕ ಇದಕ್ಕೂ ಉಂಟು.

## ಕೊಂಡ ಮೇಲಿನ ಪ್ರಶ್ನೆಗಳು

‘ಪಟ್ಟಿ, ಲೈಟು, ಸೈರನ್ ಹಂಗ ಇಟ್ಕೋಬಹುದಾ? ಊರಾಗ ಒಂದು ತೂಕ ಇರ್ತದ.’

ಇಟ್ಟುಕೊಳ್ಳಬಾರದು. ಬಣ್ಣದ ತುರ್ತು ದೀಪಗಳ ಮೇಲಿನ ನಿಯಮ 2017ರ ಮೇ 1ರಿಂದ ಬಿಗಿಯಾಗಿದೆ. ಮಂತ್ರಿಗಳ ಕಾರಿನಿಂದಲೇ ಕೆಂಪು ದೀಪ ಇಳಿದಿದೆ. ಸೈರನ್ ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕದಂಥವಕ್ಕೆ ಮಾತ್ರ. ಮರೆತು ಉಳಿಸಿದ ವೈರ್‌ಲೆಸ್ ಸೆಟ್ ಒಳಗೆ ಸಿಕ್ಕರೆ ಮುಟ್ಟದೆ ಠಾಣೆಗೆ ಒಪ್ಪಿಸಿ ಬರೆಸಿಕೊಂಡು ಬನ್ನಿ. ಪೊಲೀಸ್ ಎಂಬ ಅಕ್ಷರ, ಲಾಂಛನ ಉಳಿಸಿಕೊಂಡು ಯಾರನ್ನಾದರೂ ನಿಲ್ಲಿಸಿದಿರೋ, ಹೆದರಿಸಿದಿರೋ, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 204 ಕಾಯುತ್ತಿದೆ. ಸರಕಾರಿ ನೌಕರನೆಂದು ನಟಿಸುವುದಕ್ಕೆ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು. ಸ್ಟಿಕ್ಕರ್ ಕಿತ್ತರೂ ಬಿಸಿಲಿಗೆ ಮಾಸದ ಅಕ್ಷರದ ನೆರಳು ಬಾಗಿಲ ಮೇಲೆ ಉಳಿದಿರುತ್ತದೆ, ಅದನ್ನೂ ಪಾಲಿಶ್ ಹೊಡೆಸಿ ತೆಗೆಸಿ. ಊರಿನವರ ಮುಂದೆ ತೂಕ ಬರುವ ದಾರಿ ಇದಲ್ಲ. ಖಾಕಿ ಎಂದರೆ ಹೆದರುವ ಬಡವರಿಗೆ ಅದರಿಂದ ತೊಂದರೆ ಆಗುತ್ತದೆ.

‘ಬ್ಯಾಂಕ್ ಸಾಲ ಸಿಗ್ತದೇನ್ರಿ? ಟೋಲ್ ಕಟ್ಟಬೇಕಾ?’

ಹತ್ತು ವರ್ಷ ದಾಟಿದ ಗಾಡಿಗೆ ಬ್ಯಾಂಕುಗಳು ಮುಂದೆ ಬರುವುದು ಕಡಿಮೆ. ಹೆಚ್ಚಿನ ಬಡ್ಡಿಯ ಖಾಸಗಿ ಫೈನಾನ್ಸ್ ತೆಗೆದುಕೊಂಡರೆ ಉಳಿತಾಯವೆಲ್ಲ ಬಡ್ಡಿಗೇ ಹೋಗುತ್ತದೆ, ಕೈಯಲ್ಲಿದ್ದಷ್ಟರಲ್ಲೇ ಕೊಳ್ಳಿ. ಟೋಲ್ ಕಟ್ಟಲೇಬೇಕು. ಹತ್ತರಗಿ, ಹಿರೇಬಾಗೇವಾಡಿ ದಾಟುವ ಮುಂಚೆ ನಿಮ್ಮ ಹೆಸರಿನ ಫಾಸ್ಟ್ಯಾಗ್ ಹಚ್ಚಿಸಿ.

‘ಬೆಲೆ ಹ್ಯಾಂಗ ಕಟ್ಟಬೇಕು? ಡೀಲರ್ ಮ್ಯಾಲ ಜಿಎಸ್‌ಟಿ 18 ಅಂತ ಬ್ಯಾರೆ ಹಾಕ್ಯಾನ.’

ಮೊದಲು ಜಿಎಸ್‌ಟಿ. ಕೊಳ್ಳುವಾಗ ಕಟ್ಟಿದ ತೆರಿಗೆಯ ಜಮೆ ಪಡೆಯದ ಡೀಲರ್, ತಾನು ಕೊಂಡ ಬೆಲೆ ಮತ್ತು ಮಾರುವ ಬೆಲೆಯ ನಡುವಿನ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟುತ್ತಾನೆ. ಆ ದರ 2025ರ ಜನವರಿಯಿಂದ ಶೇ. 18. ಇಡೀ ಬೆಲೆಯ ಮೇಲೆ 18 ಹಾಕಿದ್ದರೆ ಯಾಕೆಂದು ಕೇಳಿ, ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲಿನಲ್ಲಿ ಬರೆಸಿ.

ಬೆಲೆಗೆ ನಾನು ಅನುಸರಿಸುವ ದಾರಿ ಇಷ್ಟು. ಅದೇ ವರ್ಷ, ಅದೇ ಮಾದರಿಯ ಒಬ್ಬರೇ ಮಾಲೀಕರ ಖಾಸಗಿ ಗಾಡಿ ನಿಮ್ಮ ತಾಲ್ಲೂಕಿನಲ್ಲಿ ಎಷ್ಟಕ್ಕೆ ಹೋಗುತ್ತಿದೆ ವಿಚಾರಿಸಿ. ಅದರಿಂದ ಮಿಸ್ತ್ರಿ ಬರೆದುಕೊಟ್ಟ ರಿಪೇರಿ, ವೈರಿಂಗ್, ಟೈರು, ಬ್ಯಾಟರಿ, ಬಣ್ಣ, ತೆರಿಗೆ, ವಿಮೆ ಎಲ್ಲ ಕಳೆಯಿರಿ. ಉಳಿದದ್ದರಲ್ಲಿ ಕಾಣದ ತಾಸುಗಳಿಗಾಗಿ ಮತ್ತೆ ಕಾಲು ಭಾಗ ಕಳೆಯಿರಿ. ಅಲ್ಲಿಗೆ ಬರದ ಡೀಲರ್‌ಗೆ ನಮಸ್ಕಾರ ಹೇಳಿ ಬನ್ನಿ. ಹತ್ತು ವರ್ಷದ ಖಾಸಗಿ ಬೊಲೆರೊ ನಮ್ಮ ಕಡೆ ಹುಡುಕಿದರೆ ಸಿಗುತ್ತದೆ.

‘ಪೊಲೀಸರು ಜಪ್ತಿ ಮಾಡಿದ ಗಾಡಿ ಇದಕ್ಕಿಂತ ಛಲೋ ಅಂತಾರ, ಖರೇನಾ?’

ಕೆಲವು ಸಲ ನಿಜ. ಖಾಸಗಿಯವರ ಬಳಕೆಯ ಗಾಡಿ, ಕಡಿಮೆ ಓಟ. ಆದರೆ ಪ್ರಕರಣ ಮುಗಿಯುವ ತನಕ ಠಾಣೆಯ ಅಂಗಳದಲ್ಲಿ ಬಿಸಿಲು ಮಳೆ ತಿಂದು ನಿಂತಿರುತ್ತದೆ. ಜಪ್ತಿ ಮಾಡಿದ ವಾಹನಗಳನ್ನು ಹಾಗೆ ಕೊಳೆಯಲು ಬಿಡಬಾರದು, ಬೇಗ ವಿಲೇವಾರಿ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದ್ದರೂ, ಯಾವ ಠಾಣೆಯ ಹಿಂದೆ ಹೋದರೂ ಬಳ್ಳಿ ಹಬ್ಬಿದ ಗಾಡಿಗಳು ಕಾಣುತ್ತವೆ. ಟೈರು, ಟ್ಯಾಂಕು, ಬ್ರೇಕು, ರಬ್ಬರ್ ಪೈಪುಗಳು ಮುಗಿದಿವೆ ಎಂದೇ ಹಿಡಿಯಿರಿ. ಹಳೆಯ ಮಾಲೀಕ ಮೇಲ್ಮನವಿಗೆ ಹೋಗಿಲ್ಲ, ಫೈನಾನ್ಸ್ ಕಂಪನಿಯ ಬಾಕಿ ಆರ್‌ಸಿಯಲ್ಲಿ ಉಳಿದಿಲ್ಲ ಎಂಬುದನ್ನು ವಕೀಲರೊಬ್ಬರಿಂದ ನೋಡಿಸಿ. ನ್ಯಾಯಾಲಯದ ಅಥವಾ ಅಬಕಾರಿ ಅಧಿಕಾರಿಯ ಆದೇಶದ ಪ್ರತಿ ಇಲ್ಲದೆ ಮುಂದೆ ಹೋಗಬೇಡಿ.

‘ತಗೊಂಡಮ್ಯಾಲ ಮೋಸ ಅಂತ ಗೊತ್ತಾತು. ಈಗೇನು ಮಾಡ್ಲಿ?’

ಡೀಲರ್ ಹತ್ತಿರ ಕೊಂಡದ್ದರ ಒಂದು ಅನುಕೂಲ ಇಲ್ಲಿ ಬರುತ್ತದೆ. ಸ್ವಂತ ಬಳಕೆಗೆ ಕೊಂಡ ನೀವು ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 50 ಲಕ್ಷ ರೂಪಾಯಿ ತನಕದ ವ್ಯವಹಾರದ ದೂರನ್ನು ಜಿಲ್ಲಾ ಆಯೋಗವೇ ಕೇಳುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಆಯೋಗ ಇದೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ದೂರಿನ ಅವಧಿ ಎರಡು ವರ್ಷ. ಚಾಸಿ ನಂಬರ್ ತಿದ್ದಿದ್ದು, ಸುಳ್ಳು ಆರ್‌ಸಿ ಕೊಟ್ಟದ್ದು ಕಂಡರೆ ಅದು ವಂಚನೆ. ಠಾಣೆಗೆ ಬರೆದು ಕೊಡಿ, ಆ ಗಾಡಿಯನ್ನು ಅಂದಿನಿಂದ ಓಡಿಸಬೇಡಿ, ಬೇರೆಯವರಿಗೆ ದಾಟಿಸಲೂ ಬೇಡಿ.

ಇದಕ್ಕೆಲ್ಲ ಆಧಾರ ಬೇಕು. ರೊಕ್ಕವನ್ನು ಬ್ಯಾಂಕ್ ಮೂಲಕ ಕೊಡಿ. ‘ಹೆಸರು ವರ್ಗಾವಣೆ ಇಂಥ ದಿನಾಂಕದೊಳಗೆ ಆಗದಿದ್ದರೆ ಪೂರ್ತಿ ಹಣ ವಾಪಸ್’ ಎಂದು ಬಿಲ್ಲಿನ ಮೇಲೆಯೇ ಬರೆಸಿ, ಸಹಿ ಹಾಕಿಸಿ. ವರ್ಗಾವಣೆ ಆಗುವ ತನಕ ಬೆಲೆಯ ಒಂದು ಪಾಲು ನಿಮ್ಮ ಕೈಯಲ್ಲೇ ಇರಲಿ. ಇದಕ್ಕೆ ಒಪ್ಪುವ ಡೀಲರ್‌ಗಳು ನಮ್ಮ ಮೂರೂ ಜಿಲ್ಲೆಗಳಲ್ಲಿ ಇದ್ದಾರೆ.